ಹಿರಿಯರ ಕೈಗೆ ಎಟುಕಿದ ಯಂತ್ರ

ಮನೆಗೆ ಹೊಸ ಯಂತ್ರವೊಂದು ಬಂದಾಗ ಅದರ ಬೆಲೆ, ಬಾಳಿಕೆಗಳನ್ನು ಎಲ್ಲರೂ ವಿಚಾರಿಸುತ್ತಾರೆ. ಮನೆಯ ಹಿರಿಯರು ಯಾರ ನೆರವೂ ಇಲ್ಲದೆ ಅದನ್ನು ಬಳಸಬಲ್ಲರೇ ಎಂದು ವಿಚಾರಿಸುವವರು ವಿರಳ. ಆದರೆ ಯಂತ್ರವು ಇಡೀ ಮನೆಗೆ ಸೇರಿದ್ದೋ, ಒಬ್ಬಿಬ್ಬರಿಗೆ ಮಾತ್ರವೋ ಎಂಬುದು ಈ ಪ್ರಶ್ನೆಯಿಂದಲೇ ನಿರ್ಧಾರವಾಗುತ್ತದೆ.

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ, ಟಿ.ವಿ.ಯ ಹಿಂಬದಿಗೆ, ಅಂಗೈಯಗಲದ ಗಣಕಯಂತ್ರವೊಂದಿದೆ. ಅದರ ಹೆಸರು 'ರಾಸ್ಪ್‌ಬೆರಿ ಪೈ'. 2012ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು. 'ಕೋಡಿ' ಎಂಬ ಉಚಿತ ತಂತ್ರಾಂಶವನ್ನು ಅದಕ್ಕೆ ಅಳವಡಿಸಿ, ಹಳೆಯ ಕ್ಯಾಸೆಟ್ಟುಗಳ ಹಾಡುಗಳನ್ನೂ ಮದುವೆಯ ವಿಡಿಯೊಗಳನ್ನೂ ಭಾವಚಿತ್ರಗಳನ್ನೂ ಅದರಲ್ಲಿ ಕೂಡಿಟ್ಟಿದ್ದೇವೆ. ಮೊದಮೊದಲು ಅದನ್ನು ಕೀಲಿಮಣೆ ಮತ್ತು ಮೌಸ್‌ನಿಂದ ನಡೆಸುತ್ತಿದ್ದೆವು. ಎಂಬತ್ತು ದಾಟಿದ, ದೃಷ್ಟಿ ಮಂದವಾದ ನಮ್ಮ ತಂದೆಯವರಿಗೆ ತೆರೆಯ ಮೇಲೆ ಓಡಾಡುವ ಸಣ್ಣ ಬಾಣದ ಗುರುತು ಕಾಣುತ್ತಿರಲಿಲ್ಲ. ಪ್ರತಿಸಲವೂ ಮೊಮ್ಮಗನನ್ನು ಕೂಗಬೇಕಾಗುತ್ತಿತ್ತು. "ಒಂದು ಹಾಡು ಕೇಳಾಕ ಎಷ್ಟು ಮಂದೀನ ಕರೀಬೇಕೋ ತಮ್ಮಾ" ಎಂದು ಅವರು ನಗುತ್ತಲೇ ಹೇಳುತ್ತಿದ್ದರು. ಆ ನಗೆಯಲ್ಲಿ ಸಂಕೋಚವೂ ಬೆರೆತಿರುತ್ತಿತ್ತು.

ಟಿ.ವಿ.ಯ ರಿಮೋಟು ಮಾತ್ರ ಅವರಿಗೆ ಬಹುಕಾಲದ ಪರಿಚಯ. ಅದರ ಗುಂಡಿಗಳನ್ನು ಕಣ್ಣಿಗಿಂತ ಬೆರಳೇ ಬಲ್ಲದು. ಅದೇ ರಿಮೋಟಿನಿಂದ ಗಣಕಯಂತ್ರವನ್ನೂ ನಡೆಸಲು ಸಾಧ್ಯವಿದೆ. ಇವೆರಡನ್ನೂ ಜೋಡಿಸುವ ಎಚ್.ಡಿ.ಎಂ.ಐ. ತಂತಿಯಲ್ಲಿ ಚಿತ್ರ, ಧ್ವನಿಗಳಲ್ಲದೆ ಅಪ್ಪಣೆಗಳನ್ನು ಸಾಗಿಸಲೆಂದೇ ಇರುವ ಎಳೆಯೊಂದುಂಟು. ಈ ವ್ಯವಸ್ಥೆಗೆ ಸಿ.ಇ.ಸಿ. ಎನ್ನುತ್ತಾರೆ. ಒತ್ತಿದ ಗುಂಡಿಯ ಸಂಕೇತವನ್ನು ಟಿ.ವಿ. ಸ್ವೀಕರಿಸಿ, ಆ ಎಳೆಯ ಮೂಲಕ ಗಣಕಯಂತ್ರಕ್ಕೆ ದಾಟಿಸುತ್ತದೆ. ಟಿ.ವಿ.ಯ ಸೆಟ್ಟಿಂಗ್ಸಿನಲ್ಲಿ ಇದನ್ನು ಒಮ್ಮೆ ಚಾಲೂ ಮಾಡಿದರಾಯಿತು. ಸೋನಿಯವರು ಇದನ್ನು 'ಬ್ರಾವಿಯಾ ಸಿಂಕ್' ಎಂದೂ, ಸ್ಯಾಮ್‌ಸಂಗ್‌ನವರು 'ಎನಿನೆಟ್ ಪ್ಲಸ್' ಎಂದೂ, ಎಲ್.ಜಿ.ಯವರು 'ಸಿಂಪ್‌ಲಿಂಕ್' ಎಂದೂ ಕರೆದಿದ್ದಾರೆ.

ಮೇಜಿನ ಮೇಲಿನ ದೊಡ್ಡ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಅಂಥವುಗಳಿಗೆ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವ ಪುಟ್ಟ ಗ್ರಾಹಕವನ್ನೂ ಅದರ ಜೊತೆಗಿನ ರಿಮೋಟನ್ನೂ ಬಳಸಬಹುದು. ಹೆಚ್ಚಿನ ರಿಮೋಟುಗಳು ಸೂಸುವುದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ಅದು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗುವುದರಿಂದ, ಬಿಸಿಲು, ದೀಪಗಳ ಬೆಳಕಿನ ನಡುವೆಯೂ ಗ್ರಾಹಕವು ಅದನ್ನು ಗುರುತಿಸಬಲ್ಲದು. ರಿಮೋಟು ಕೆಲಸ ಮಾಡದಿದ್ದರೆ ಅದರ ಮೂತಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿರಿ. ಅನೇಕ ಕ್ಯಾಮೆರಾಗಳಲ್ಲಿ ಆ ಮಿನುಗು ಕಾಣಿಸುತ್ತದೆ. ಮೊಬೈಲನ್ನೇ ರಿಮೋಟಿನಂತೆ ಬಳಸುವ ಉಪಾಯವೂ ಇದೆ. ಆದರೆ ನುಣುಪಾದ ಗಾಜಿನ ಮೇಲೆ ಬೆರಳಿಗೆ ಗುರುತು ಸಿಗದು. ಆದ್ದರಿಂದ ಅದು ತಂದೆಯವರಿಗೆ ಒಗ್ಗಲಿಲ್ಲ.

ಮೊಮ್ಮಗನು ಬೇಡದ ಸಾಲುಗಳನ್ನೆಲ್ಲ ತೆರೆಯಿಂದ ಮರೆಮಾಡಿ, ಪ್ರತಿಯೊಂದು ಹಾಡಿನ ಕಟ್ಟಿಗೂ ದೊಡ್ಡದೊಂದು ಚಿತ್ರವನ್ನು ಅಂಟಿಸಿದನು. ಮಲ್ಲಿಕಾರ್ಜುನ ಮನಸೂರರ ಗಾಯನಕ್ಕೆ ಅವರದೇ ಭಾವಚಿತ್ರ. ನಾಲ್ಕು ದಿಕ್ಕಿನ ಗುಂಡಿಗಳು, ನಡುವಿನ 'ಓಕೆ', ಹಿಂದಕ್ಕೆ ಬರಲು ಒಂದು: ಈ ಆರೇ ಗುಂಡಿಗಳನ್ನು ಅಜ್ಜನಿಗೆ ಕಲಿಸಿದನು. ನಾಲ್ಕಾರು ದಿನಗಳಲ್ಲಿ ಅವರಿಗೆ ಅದು ರೂಢಿಯಾಯಿತು.

ಒಂದು ನಸುಕಿನಲ್ಲಿ ಪಡಸಾಲೆಯಿಂದ ಸಣ್ಣ ದನಿಯಲ್ಲಿ ಸೋಬಾನೆ ಪದ ಕೇಳಿಬಂತು. ಲಿಂಗೈಕ್ಯರಾದ ನಮ್ಮ ತಾಯಿಯವರು ಮದುವೆಯೊಂದರಲ್ಲಿ ಹಾಡಿದ್ದು. ಹಳೆಯ ಕ್ಯಾಸೆಟ್ಟಿನಿಂದ ಉಳಿಸಿಕೊಂಡದ್ದು. ಆ ಹಾಡನ್ನು ಹಚ್ಚೆಂದು ತಂದೆಯವರು ನಮ್ಮಲ್ಲಿ ಯಾರನ್ನೂ ಒಮ್ಮೆಯೂ ಕೇಳಿರಲಿಲ್ಲ. ನಾವು ಒಳಗೆ ಹೋಗದೆ ಬಾಗಿಲಲ್ಲಿಯೇ ನಿಂತು ಹಿಂದಿರುಗಿದೆವು.

ಮನುಷ್ಯನು ಮತ್ತೊಬ್ಬರಲ್ಲಿ ಕೇಳಲಾರದ ಆಸೆಗಳು ಕೆಲವು ಇರುತ್ತವೆ. ವಯಸ್ಸಾದಂತೆ ಅವು ಹೆಚ್ಚುತ್ತವೆ. ಅಂಥವನ್ನು ಹಿರಿಯರು ತಾವೇ ಪೂರೈಸಿಕೊಳ್ಳುವಂತೆ ಅನುಕೂಲ ಮಾಡಿಕೊಡುವುದೂ ಅವರ ಸೇವೆಯೇ ಸರಿ. ನಿಮ್ಮ ಮನೆಯಲ್ಲಿ ಇಂಥ ಯಂತ್ರವಿದ್ದರೆ, ಬಿಡುವಿನ ಒಂದು ಸಂಜೆಯನ್ನು ಈ ಕೆಲಸಕ್ಕೆ ಮೀಸಲಿಡಿರಿ.