ಕಾರು ಕರೆತಂದ ರೈಲು ನಿಲ್ದಾಣ

ನಿಲ್ದಾಣದ ಹೆಸರು ಟಿವರ್ಟನ್ ಪಾರ್ಕ್‌ವೇ. ಆದರೆ ರೈಲಿನಿಂದ ಇಳಿದು ಸುತ್ತ ನೋಡಿದರೆ ಟಿವರ್ಟನ್ ಎಂಬ ಊರು ಎಲ್ಲೂ ಕಾಣದು. ಅದಿರುವುದು ಸುಮಾರು 10 ಕಿಲೋಮೀಟರ್ ದೂರದಲ್ಲಿ. ಇಲ್ಲಿರುವುದು ಹಸಿರು ಹೊಲಗಳು, ಪಕ್ಕದಲ್ಲೇ ಎಂ-5 ಹೆದ್ದಾರಿ ಮತ್ತು ಸಾಲುಸಾಲಾಗಿ ನಿಂತ ಕಾರುಗಳು. ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್ ಪ್ರಾಂತ್ಯದ ಈ ನಿಲ್ದಾಣ ಲಂಡನ್ನಿನಿಂದ ಸುಮಾರು ಎರಡು ಗಂಟೆಯ ಪಯಣ.

ಹತ್ತಿರದ ಹಳ್ಳಿ ಸ್ಯಾಂಪ್‌ಫರ್ಡ್ ಪೆವೆರೆಲ್. ಹಳ್ಳಿಯನ್ನು ಹಾದು ಹೋಗುವ ಗ್ರ್ಯಾಂಡ್ ವೆಸ್ಟರ್ನ್ ಕಾಲುವೆ 1814ರದು. ಅದರಲ್ಲಿ ದೋಣಿಗಳು ಸುಣ್ಣದ ಕಲ್ಲನ್ನು ಟಿವರ್ಟನ್ನಿಗೆ ಸಾಗಿಸುತ್ತಿದ್ದವು. 1844ರಲ್ಲಿ ಈ ದಾರಿಯಾಗಿ ಎಕ್ಸೆಟರ್‌ಗೆ ರೈಲು ಬಂತು. ಕಾಲುವೆಯ ವ್ಯಾಪಾರ ಸೊರಗಿತು. 1928ರಲ್ಲಿ ಹಳ್ಳಿಗೂ ಒಂದು ಪುಟ್ಟ ನಿಲುಗಡೆ ಸಿಕ್ಕಿತು.

ಆ ಭಾಗ್ಯ ಬಹುಕಾಲ ಉಳಿಯಲಿಲ್ಲ. ಜನ ಕಾರು ಹಿಡಿದರು, ರೈಲ್ವೆಗೆ ನಷ್ಟ ಬೆಳೆಯಿತು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ರಿಚರ್ಡ್ ಬೀಚಿಂಗ್ 1963ರ ತಮ್ಮ ವರದಿಯಲ್ಲಿ ಬ್ರಿಟನ್ನಿನ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಲು ಸಲಹೆ ಮಾಡಿದರು. 1964ರ ಅಕ್ಟೋಬರಿನಲ್ಲಿ ಸ್ಯಾಂಪ್‌ಫರ್ಡ್ ಪೆವೆರೆಲ್ ನಿಲ್ದಾಣವೂ ಟಿವರ್ಟನ್ ಪಟ್ಟಣದ ನಿಲ್ದಾಣವೂ ಮುಚ್ಚಿದವು.

ಮುಂದೆ ಹೆದ್ದಾರಿ ಬಂತು. ಅದರ ಬೆನ್ನಿಗೇ ಒಂದು ಹೊಸ ಯೋಚನೆಯೂ ಬಂತು: ಮನೆಯಿಂದ ಕಾರಿನಲ್ಲಿ ಬಂದು, ಅದನ್ನು ನಿಲ್ದಾಣದಲ್ಲಿ ಬಿಟ್ಟು, ರೈಲು ಹತ್ತುವುದು. ಇಂಥ ನಿಲ್ದಾಣಕ್ಕೆ ‘ಪಾರ್ಕ್‌ವೇ’ ಎಂಬ ಹೆಸರು ಮೊದಲು ಬಿದ್ದದ್ದು 1972ರಲ್ಲಿ, ಬ್ರಿಸ್ಟಲ್‌ನಲ್ಲಿ. ಟಿವರ್ಟನ್ ಪಾರ್ಕ್‌ವೇ 1986ರ ಮೇ ತಿಂಗಳಲ್ಲಿ ತೆರೆಯಿತು, ಅದೂ ಹಳ್ಳಿಯ ಹಳೆಯ ನಿಲ್ದಾಣವಿದ್ದ ಜಾಗದಲ್ಲೇ! ಯಾವ ಕಾರು ನಿಲ್ದಾಣವನ್ನು ಮುಚ್ಚಿಸಿತ್ತೋ ಅದೇ ಕಾರು ಅದನ್ನು ಮರಳಿ ತಂದಿತು.

ಆದರೆ ಮರಳಿ ಬಂದ ನಿಲ್ದಾಣ ಯಾರದು? ಸ್ವಲ್ಪ ಲೆಕ್ಕ ಹಾಕೋಣ. ಒಂದು ಕಾರು ನಿಲ್ಲಲು, ತಿರುಗುವ ದಾರಿಯನ್ನೂ ಸೇರಿಸಿದರೆ, ಸುಮಾರು 25 ಚದರ ಮೀಟರ್ ಬೇಕು. ಅಂದರೆ ಒಂದು ಹೆಕ್ಟೇರಿಗೆ 400 ಕಾರು. ಕಾರಿಗೊಬ್ಬರಂತೆ ಬಂದರೆ 400 ಜನ. ಇಲ್ಲಿ ಓಡುವ ಒಂಬತ್ತು ಬೋಗಿಯ ಒಂದೇ ರೈಲಿನಲ್ಲಿ ಆರುನೂರಕ್ಕೂ ಹೆಚ್ಚು ಆಸನಗಳಿವೆ. ಎರಡೂವರೆ ಎಕರೆ ಹೊಲ ಡಾಂಬರಾದರೂ ಒಂದು ರೈಲು ತುಂಬದು! ಬೆಳಗಿನ ರೈಲಿಗೆ ಬಂದವರ ಕಾರು ಸಂಜೆಯವರೆಗೆ ಅಲ್ಲಾಡುವುದಿಲ್ಲ. ಜಾಗ ತುಂಬಿದ ಮೇಲೆ ಹತ್ತು ಗಂಟೆಗೆ ಬಂದವರಿಗೆ ರೈಲಿನಲ್ಲಿ ಸೀಟಿದ್ದರೂ ಕಾರು ನಿಲ್ಲಿಸಲು ನೆಲವಿಲ್ಲ.

ಇನ್ನು ಕಾರೇ ಇಲ್ಲದವರ ಪಾಡು? ಕಾಲೇಜಿಗೆ ಹೋಗುವ ಹುಡುಗಿ, ವಾಹನ ಓಡಿಸುವುದನ್ನು ಬಿಟ್ಟ ವೃದ್ಧರು, ಬಡ ಕೂಲಿಕಾರ, ಇವರಿಗೆ ಊರಿನ ಮಧ್ಯದಲ್ಲಿದ್ದ ನಿಲ್ದಾಣಕ್ಕೆ ಕಾಲ್ನಡಿಗೆ ಸಾಕಾಗಿತ್ತು. ಈಗ ಹೊಲದ ನಡುವಿನ ನಿಲ್ದಾಣಕ್ಕೆ ಬಸ್ಸನ್ನೇ ನಂಬಬೇಕು. ಟಿವರ್ಟನ್ನಿನಿಂದ ಬಸ್ಸೇನೋ ಇದೆ. ಆದರೆ ಬಸ್ಸು ತಪ್ಪಿದರೆ ರೈಲೂ ತಪ್ಪಿದಂತೆ.

ಹಳ್ಳಿಯ ನಿಲ್ದಾಣದಲ್ಲಿ ಕಾರಿಗೆ ಜಾಗ ಬೇಡವೆನ್ನಲಾಗದು. ದೂರದ ತೋಟದ ಮನೆಯವರಿಗೆ ಬೇರೆ ದಾರಿಯಿಲ್ಲ. ಆದರೆ ಜಾಗ ಸಾಲದೆಂದಾಗಲೆಲ್ಲ ಇನ್ನೊಂದು ಹೊಲಕ್ಕೆ ಡಾಂಬರು ಸುರಿಯುವುದೊಂದೇ ಉಪಾಯವಲ್ಲ. ಒಂದು ಕಾರು ನಿಲ್ಲುವಲ್ಲಿ ಎಂಟು-ಹತ್ತು ಸೈಕಲ್ ನಿಲ್ಲುತ್ತವೆ. ರೈಲಿನ ವೇಳೆಗೆ ಹೊಂದುವ ಒಂದು ಬಸ್ಸು ನಲವತ್ತು ಜನರನ್ನು ತಂದಿಳಿಸಿ, ಒಂದಡಿ ನೆಲವನ್ನೂ ಹಿಡಿದಿಡದೆ ಹೊರಟುಹೋಗುತ್ತದೆ.