ರಾಜಧಾನಿಯ ಮಗ್ಗುಲಲ್ಲಿ

ರಾಜಧಾನಿಯಲ್ಲಿ ಇರುವುದು ಬೇರೆ, ರಾಜಧಾನಿಯ ಮಗ್ಗುಲಲ್ಲಿ ಇರುವುದು ಬೇರೆ. ದೇಗಾಂವದವರಾದ ನಮಗೆ ಎರಡನೆಯದು ತಲೆತಲಾಂತರದಿಂದ ರೂಢಿ. ಗೋವೆಯ ಕದಂಬರ ಕಾಲಕ್ಕೆ ಹಲಸಿ, ದೇಸಾಯರ ಕಾಲಕ್ಕೆ ಕಿತ್ತೂರು, ಈಗ ವರ್ಷಕ್ಕೊಂದು ಸಲ ಬೆಳಗಾವಿ. ದರಬಾರು ನಮ್ಮ ಸುತ್ತಮುತ್ತಲೇ ತಿರುಗಾಡಿದೆ, ಊರೊಳಗೆ ಮಾತ್ರ ಕಾಲಿಟ್ಟಿಲ್ಲ. ಇಡದಿದ್ದದ್ದೇ ಪಾಡಾಯಿತು ಎನ್ನುವುದು ನನ್ನ ತಕರಾರಿಲ್ಲದ ಅಭಿಪ್ರಾಯ.

ನಮಗೆ ಪ್ಯಾಟಿ ಎಂದರೆ ಕಿತ್ತೂರು. ಬೀಜ, ಗೊಬ್ಬರ, ಮದುವೆಯ ಜವಳಿ, ಮೊಬೈಲಿನ ಚಾರ್ಜರು ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ರಾಜಧಾನಿಗೆ ಈ ಜಾಗ ಆರಿಸಿದವರ ಕಣ್ಣು ಚುರುಕಾಗಿತ್ತು ಅನ್ನಿ. ಪಡುವಣಕ್ಕೆ ಖಾನಾಪುರದ ಕಾಡು, ಕೆಂಪು ಮಸಾರಿ, ಭತ್ತದ ಗದ್ದೆ. ಮೂಡಣಕ್ಕೆ ಬೈಲಹೊಂಗಲದ ಎರಿ ಹೊಲ, ಜೋಳ, ಹತ್ತಿ. ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಅಕ್ಕಿಯೂ ಸಿಗುತ್ತದೆ, ರೊಟ್ಟಿಯೂ ಸಿಗುತ್ತದೆ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯೂ ಅದರ ಪಕ್ಕದಲ್ಲೇ ಹಾಯುತ್ತದೆ.

ಕಿತ್ತೂರು ಸಂಸ್ಥಾನದ ಮೂಲಪುರುಷರು ಸಾಗರದ ಕಡೆಯ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು. 1585ರ ಸುಮಾರಿಗೆ ಬಿಜಾಪುರದ ಆದಿಲಶಾಹಿ ದಂಡಿನ ಜೊತೆ ಬಂದವರು ಮೊದಲು ನೆಲೆಯೂರಿದ್ದು ಸಂಪಗಾಂವದಲ್ಲಿ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಗಾದಿಯನ್ನು ಕಿತ್ತೂರಿಗೆ ತಂದು ಕೋಟೆ ಕಟ್ಟಿಸಿದ. ಪಾಪ, ಸಂಪಗಾಂವ ಅಂದಿನಿಂದ ಮಾಜಿ ರಾಜಧಾನಿ. ನಮ್ಮ ನಾಡಿನಲ್ಲಿ ಮಾಜಿ ಶಾಸಕರಿಗಿರುವಷ್ಟು ಮರ್ಯಾದೆಯೂ ಮಾಜಿ ರಾಜಧಾನಿಗೆ ಇಲ್ಲ.

ಕಿತ್ತೂರಿನ ಪಾಳಿ ಬಂದದ್ದು 1824ರಲ್ಲಿ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಇಂಗ್ರೇಜಿ ಕಲೆಕ್ಟರ್ ಥ್ಯಾಕರೆ ಬಿದ್ದ; ಅಮಟೂರ ಬಾಳಪ್ಪನ ಗುಂಡು ಎಂದು ನಮ್ಮಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಹೋಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ತೀರಿಕೊಂಡಳು. ಎರಡು ವರ್ಷಕ್ಕೆ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅರಮನೆಯಲ್ಲಿ ಈಗ ಉಳಿದಿರುವುದು ಮೋಟು ಗೋಡೆಗಳು, ಜಳಕದ ತೊಟ್ಟಿಗಳು, ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಓರೆಯಾಗಿ ಕೂಡಿಸಿದ ಒಂದು ಕೊಳವೆ. ಮಾಡೇ ಇಲ್ಲದ ಮನೆಯಲ್ಲಿ ನಕ್ಷತ್ರ ನೋಡಲು ಕೊಳವೆ ಯಾತಕ್ಕೆ ಎಂದು ಹುಡುಗರು ನಗುತ್ತಾರೆ. ನಾನೂ ಒಂದು ಕಣ್ಣು ಮುಚ್ಚಿ ಇಣುಕಿದ್ದೇನೆ. ಹಗಲಾದ್ದರಿಂದ ಕಂಡದ್ದು ಬರೀ ಆಕಾಶ.

ಈಗ ನಮ್ಮೂರಿನ ಮಾತು. ಕಿತ್ತೂರಿನ ಕೋಟೆಗೆ ಕಲ್ಲು ಹೊರುವ ಐದುನೂರು ವರ್ಷ ಮೊದಲೇ ದೇಗಾಂವಕ್ಕೆ ಒಬ್ಬ ರಾಣಿ ಕಲ್ಲು ಹೊರಿಸಿದ್ದಳು. ಕದಂಬ ಶಿವಚಿತ್ತ ಪೆರ್ಮಾಡಿಯ ಹೆಂಡತಿ ಕಮಲಾದೇವಿ. 12ನೆಯ ಶತಮಾನದಲ್ಲಿ ಇಲ್ಲಿ ಅಗ್ರಹಾರ ಬಿಟ್ಟಳು, ಕಮಲನಾರಾಯಣ ಗುಡಿ ಕಟ್ಟಿಸಿದಳು. ಕಟ್ಟಿದ ರೂವಾರಿ ತಿಪ್ಪೋಜ. ಗಂಡನ ರಾಜ್ಯದ ಗದ್ದುಗೆ ಇದ್ದದ್ದು ಕಡಲ ದಂಡೆಯ ಗೋಪಕಪಟ್ಟಣದಲ್ಲಿ. ಇವಳು ಘಟ್ಟದ ಮೇಲಿನ ಈ ಊರಿನ ಮೇಲೆ ಮನಸ್ಸು ಮಾಡಿದಳು.

ಗುಡಿ ಎತ್ತರದ್ದಲ್ಲ, ಉದ್ದದ್ದು. ಒಂದರ ಪಕ್ಕ ಒಂದು ಮೂರು ಗರ್ಭಗುಡಿ: ನಾರಾಯಣ, ತೊಡೆಯ ಮೇಲೆ ಲಕ್ಷ್ಮಿಯನ್ನು ಕೂರಿಸಿಕೊಂಡ ಲಕ್ಷ್ಮೀನಾರಾಯಣ, ಆಮೇಲೆ ಕಮಲೆ. ಆ ಕಮಲೆ ರಾಣಿಯೇ ಎನ್ನುವವರೂ ಉಂಟು. ತನ್ನ ಹೆಸರನ್ನೇ ದೇವರ ಹೆಸರಿನ ಮುಂದೆ ಹಚ್ಚಿದವಳು, ಒಳಗೊಂದು ಜಾಗ ಹಿಡಿದಿದ್ದರೆ ಅಚ್ಚರಿಯೇನಿಲ್ಲ. ಮುಂದಿನ ಪಡಸಾಲೆಯ ಕಂಬಗಳನ್ನು ತಿರುಗಣಿಯ ಮೇಲೆ ಕಡೆದು ನುಣುಪು ಮಾಡಿದ್ದಾರೆ. ಬ್ಯಾಸಗಿಯಲ್ಲಿ ಅದಕ್ಕೆ ಬೆನ್ನು ಹಚ್ಚಿ ಕಲ್ಲಿನ ಆಸನದ ಮೇಲೆ ಕೂತರೆ ಫ್ಯಾನು ಬೇಡ. ಹಾಗೆ ಕೂತ ಅಜ್ಜಂದಿರು ಬಂದವರನ್ನು ಬಿಡುವುದಿಲ್ಲ: “ಯಾವೂರವರ್ರೀ? ಕಿತ್ತೂರ ನೋಡಿ ಬಂದ್ರೇನು? ಅಲ್ಲೇನ ಉಳದದ ಅಂತೇನಿ, ಬರ್ರಿ ಕೂಡ್ರಿ.”

ಈ ಜಂಬಕ್ಕೆ ಕಾರಣ ಇದೆ. ಕದಂಬರು ಹೋದರು, ದೇವಗಿರಿಯವರು, ಬಿಜಾಪುರದವರು, ಪೇಶ್ವೆಗಳು, ಇಂಗ್ರೇಜಿಯವರು ಎಲ್ಲ ಹಾದುಹೋದರು. ಫಿರಂಗಿ ತಿರುಗುವುದು ಗಾದಿ ಇದ್ದ ಕಡೆ. ಗಾದಿಯಿಲ್ಲದ ಊರಿನ ಗುಡಿಗೆ ಮದ್ದುಗುಂಡು ಖರ್ಚು ಮಾಡುವವರು ಯಾರು?

ಹೊಸ ರಾಜಧಾನಿಯ ಸುದ್ದಿ ಸ್ವಲ್ಪದರಲ್ಲಿ ಮುಗಿಸುತ್ತೇನೆ. 2006ರಲ್ಲಿ ಬೆಳಗಾವಿಯಲ್ಲಿ ವಿಧಾನಮಂಡಲದ ಮೊದಲ ಅಧಿವೇಶನ ಆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಸುವರ್ಣ ವಿಧಾನಸೌಧ ಉದ್ಘಾಟಿಸಿದರು. ಅಧಿವೇಶನದ ದಿನಗಳಲ್ಲಿ ಹೆದ್ದಾರಿಯ ಮೇಲೆ ಸೈರನ್ನು, ಟೆಂಟಿನಲ್ಲಿ ಕಬ್ಬಿನ ದರಕ್ಕಾಗಿ ಕೂತ ರೈತರು. ಆಮೇಲೆ ಅಷ್ಟು ದೊಡ್ಡ ಕಟ್ಟಡ ವರ್ಷದ ಉಳಿದ ದಿನವೆಲ್ಲ ಬಹುಪಾಲು ಖಾಲಿ. ರಾಣಿಯ ಪಡಸಾಲೆ ಅದಕ್ಕಿಂತ ಹೆಚ್ಚು ಬಳಕೆಯಲ್ಲಿದೆ.

ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಬರುವವರಿಗೆ ಒಂದು ಮಾತು. ಕೋಟೆ ನೋಡಿರಿ, ವಸ್ತುಸಂಗ್ರಹಾಲಯ ನೋಡಿರಿ, ಕಲ್ಮಠದಲ್ಲಿ ದೇಸಾಯರ ಸಮಾಧಿಗಳಿಗೆ ಕೈಮುಗಿಯಿರಿ. ಅಷ್ಟಾದ ಮೇಲೆ ಸೀದಾ ಹೆದ್ದಾರಿ ಹಿಡಿಯದೆ ಗಾಡಿಯನ್ನು ದೇಗಾಂವದ ಕಡೆ ತಿರುಗಿಸಿರಿ. ಟಿಕೆಟಿಲ್ಲ, ಗದ್ದಲವಿಲ್ಲ. ಕಂಬದ ಮೇಲೆ ನಿಮ್ಮ ಹೆಸರನ್ನು ಮಾತ್ರ ಕೆತ್ತಬೇಡಿರಿ. ತಿಪ್ಪೋಜನ ಕೆಲಸದ ಮೇಲೆ ಕೈ ಆಡಿಸುವಷ್ಟು ಕಸುಬು ನಮಗ್ಯಾರಿಗೂ ಇಲ್ಲ.