ಮಾಳಿಗೆಯ ಮೇಲೊಂದು ಕೌದಿ

ಚೈತ್ರ ಎಂದೊಡನೆ ನಮ್ಮ ಕವಿಗಳಿಗೆ ಮೈಮರೆವು. ಮಲಯಾನಿಲ ಬೀಸಬೇಕು, ಮಾವು ಚಿಗುರಬೇಕು, ಕೋಗಿಲೆ ಕೂಗಬೇಕು, ವಿರಹಿಗಳು ನರಳಬೇಕು. ಇಪ್ಪತ್ತು ವರ್ಷಗಳಿಂದ ಇದನ್ನೆಲ್ಲ ತರಗತಿಯಲ್ಲಿ ಪಾಠ ಹೇಳುತ್ತ ಬಂದಿರುವ ನನಗೆ ಕಿಟಕಿಯಾಚೆ ಕಾಣುವುದು ಮಾತ್ರ ಬೇರೊಂದು ವಸಂತ. ಮೊಳಕಾಲ್ಮೂರಿಗೆ ಮಲಯ ಪರ್ವತದ ಗಾಳಿ ತಲುಪುವುದಿಲ್ಲ. ರಾಯದುರ್ಗದ ಕಡೆಯ ಬಿಸಿ ಧೂಳು ತಲುಪುತ್ತದೆ. ಆದರೂ ವಸಂತ ವಸಂತವೇ. ಬೋಳಾಗಿದ್ದ ಹೊಂಗೆ ವಾರ ಕಳೆಯುವುದರೊಳಗೆ ಎಣ್ಣೆ ಸವರಿದಂಥ ಎಳೆಯ ಎಲೆ ಹೊತ್ತು ನಿಲ್ಲುತ್ತದೆ. ಬೇವಿನ ಹೂವು ರಾತ್ರಿಯೆಲ್ಲ ಉದುರಿ, ಬೆಳಿಗ್ಗೆ ಅಂಗಳ ಗುಡಿಸುವವರಿಗೆ ಕೋಪವನ್ನೂ ಪರಿಮಳವನ್ನೂ ಒಟ್ಟಿಗೇ ಕೊಡುತ್ತದೆ. ಜಗಲಿಗಳ ಮೇಲೆ ಹುಣಸೆಹಣ್ಣು ಕುಟ್ಟುವ ಸದ್ದು. ಸಂತೆಯಲ್ಲಿ ಉಪ್ಪು ಖಾರ ಸವರಿದ ಮಾವಿನಕಾಯಿಯ ಹೋಳು. ಅದನ್ನು ಕಂಡರೆ ಪಂಡಿತರ ಬಾಯಲ್ಲೂ ನೀರು ಬರುತ್ತದೆ. ಇದಕ್ಕೆ ಕಾವ್ಯಾಧಾರ ಬೇಕಿಲ್ಲ.

ಇಂಥ ಕಾಲದಲ್ಲಿ ನಮ್ಮ ಅತ್ತೆ ಕೌದಿ ಹೊಲಿಯಲು ಕೂರುತ್ತಾರೆ. ಚಳಿಗೆ ಹೊದೆಯುವ ವಸ್ತುವನ್ನು ಬೆವರು ಒರೆಸಿಕೊಳ್ಳುತ್ತ ಹೊಲಿಯುವುದೇ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ಕಡಲೆಕಾಯಿ ಮಾರಿ ಆಗಿದೆ, ಮಳೆ ದೂರವಿದೆ, ಹಗಲು ಉದ್ದವಾಗಿದೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋಗಿ, ಕೊಬ್ಬರಿ ಸುಟ್ಟು ಬಂದ ಮಾರನೆಯ ದಿನವೇ ಅವರು ಹಳೆಯ ಟ್ರಂಕು ತೆರೆಯುತ್ತಾರೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎರಡು ವರ್ಷ ಸೂಜಿ ಮುಟ್ಟಿರಲಿಲ್ಲ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಈ ವರ್ಷ, "ಒಂದು ಕೌದಿ ಬಾಕಿ ಐತೆ ಕಣವ್ವ" ಎಂದರು. ಯಾರಿಗೆ ಎಂದು ಕೇಳಿದೆ. "ಮೊದ್ಲು ಬಟ್ಟೆ ತಗಂಬಾ" ಎಂಬುದೇ ಉತ್ತರ.

ಬಟ್ಟೆಯದೇ ದೊಡ್ಡ ತೊಡಕು. ಕೌದಿಗೆ ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ ಬೇಕು. ಹದಿನಾರು ಮೊಳದ ಸೀರೆ ಉಡುತ್ತಿದ್ದವರು ಹೋದರು. ಈಗ ಬೀದಿಯಲ್ಲಿ ಯಾರ ಮನೆಯಲ್ಲಿ ಕೇಳಿದರೂ ಸಿಗುವುದು ನೈಲಾನು, ಪಾಲಿಯೆಸ್ಟರು. ಅತ್ತೆ ಅವನ್ನು ಬೆರಳಲ್ಲಿ ತಿಕ್ಕಿ, "ಇದು ಬಟ್ಟೆ ಅಲ್ಲ, ಪ್ಲಾಸ್ಟಿಕ್ಕು" ಎಂದು ಹಿಂದಿರುಗಿಸಿದರು. ರೇಷ್ಮೆಯಂತೂ ಆಗದು, ಜಾರುತ್ತದೆ. ಅಗಲವಾದ ಅಂಚು, ನವಿಲು, ಬುಟ್ಟಾಗಳ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಊರಿನಲ್ಲಿ ಕೌದಿಗೆ ಬಟ್ಟೆಯಿಲ್ಲ! ಕೊನೆಗೆ ಕಾಲೇಜಿಗೆ ಉಡುವ ನನ್ನ ಹತ್ತಿ ಸೀರೆಗಳಿಗೇ ಸಂಚಕಾರ ಬಂತು. ಬೂದುಬಣ್ಣದ ಎರಡು, ಇಟ್ಟಿಗೆಬಣ್ಣದ ಒಂದು ಕೊಟ್ಟೆ.

ಕೌದಿ ಬಡವರ ಹೊದಿಕೆ ಎನ್ನುತ್ತಾರೆ. ಅಷ್ಟೇ ಅಲ್ಲ. ಸಿದ್ಧರ, ಜೋಗಿಗಳ ಮೈಮೇಲಿದ್ದ ಕಂಥೆಯೂ ತೇಪೆಗಳದೇ. ಧಾರವಾಡದ ಕಡೆ ಗೊಂದಳಿಗರ ಹೆಣ್ಣುಮಕ್ಕಳು ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆಯ ಮಡಿಕೆಗಳ ಹೂವು ಕೂರಿಸದೆ ಅದು ಮುಗಿಯಿತೆಂದು ಒಪ್ಪುವುದಿಲ್ಲ. ನಮ್ಮ ಅತ್ತೆಗೆ ಇಂಥ ಅಲಂಕಾರವಿಲ್ಲ. ತಳಕ್ಕೆ ತೀರಿಹೋದ ಮಾವನವರ ಎರಡು ಪಂಚೆ, ನಡುವೆ ಸವೆದು ಜಾಳಾದ ತುಂಡುಗಳು, ಮೇಲೆ ಬಣ್ಣದ ಚೌಕಗಳು. ಅಂಚಿನಿಂದ ಹೊರಟ ಹೊಲಿಗೆ ಸುತ್ತು ಸುತ್ತಾಗಿ ಒಳಗೆ ಬರುತ್ತ ನಡುವಿನಲ್ಲಿ ನಿಲ್ಲಬೇಕು. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಕಿರುಬೆರಳಿನಷ್ಟು ಜಾಗ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಇಲ್ಲಿ ನಮ್ಮ ಮನೆಯ ವಿಚಾರ ಸ್ವಲ್ಪ ಹೇಳಬೇಕು. ೨೦೧೬ರಲ್ಲಿ ನಮ್ಮವರಿಗೂ ಅವರ ತಮ್ಮನಿಗೂ ಪಾಲಾಯಿತು. ಜಮೀನು ಅಣ್ಣನಿಗೆ, ಮಗ್ಗ ತಮ್ಮನಿಗೆ. ಮನೆ ಒಂದೇ ಆದ್ದರಿಂದ ಪಡಸಾಲೆಯ ನಡುವೆ ಗೋಡೆ ಎದ್ದಿತು. ಮಾತಿಗೆ ಮಾತು ಬೆಳೆದು ಅಂದಿನಿಂದ ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಮಗ್ಗದ ಸದ್ದು ಮಾತ್ರ ಗೋಡೆ ದಾಟಿ ಬರುತ್ತದೆ. ಲಾಳಿ ನಿಂತರೆ ಅತ್ತೆ ಊಟದ ತಟ್ಟೆಯ ಮುಂದೆಯೂ ಕಿವಿ ನಿಮಿರಿಸುತ್ತಾರೆ: ಮಗ ಉಣ್ಣಲು ಎದ್ದನೋ, ಇಲ್ಲವೆ ನೂಲು ಹರಿಯಿತೋ. ತಾಯಿತಂದೆಯರ ಮಾತು ಕೇಳಬೇಕೆಂದು ಅಶೋಕ ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಕೊರೆಸಿ ಎರಡು ಸಾವಿರದ ಇನ್ನೂರು ವರ್ಷಗಳ ಮೇಲಾಯಿತು. ರೈಸ್ ಸಾಹೇಬರು ೧೮೯೨ರಲ್ಲಿ ಅದನ್ನು ಕಂಡುಹಿಡಿದರು. ೧೯೪೭ರಲ್ಲಿ ವೀಲರ್ ಅಲ್ಲಿ ನೆಲ ಅಗೆದು ನೋಡಿದರು. ಪ್ರತಿ ವರ್ಷ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ. ಮನೆಯಲ್ಲಿ ಅದನ್ನು ಓದಿ ಹೇಳುವ ಧೈರ್ಯ ಮಾತ್ರ ಬಂದಿಲ್ಲ.

ಆದರೆ ನಮ್ಮದು ಚೌಳುಮಣ್ಣಿನ ಮಾಳಿಗೆಯ ಮನೆ. ಮೇಲೆಯೂ ಗೋಡೆ ಎಬ್ಬಿಸಿದರೆ ತೊಲೆಗಳು ತಡೆಯವೆಂದು ಅಂದು ಪಂಚರು ಬಿಟ್ಟರು. ಎರಡು ಕಡೆಯಿಂದ ಎರಡು ಏಣಿ. ಮೇಲೆ ಒಂದೇ ಬಯಲು. ಅತ್ತೆ ಕೌದಿಯನ್ನು ಅಲ್ಲಿಗೆ ಹೊತ್ತು ತರಿಸಿದರು. ಬೆಳಕು ಚೆನ್ನಾಗಿದೆ ಎಂದರು. ಮಂಡಿನೋವಿನವರು ದಿನಕ್ಕೆರಡು ಬಾರಿ ಏಣಿ ಹತ್ತುವುದೆಂದರೇನು! ನಾನು ಬೇಡವೆಂದೆ, ನಮ್ಮವರು ರೇಗಿದರು. ಅವರು ಹತ್ತಿದರು. ಹತ್ತಿ, ಕೆಳಗಿನ ಗೋಡೆ ಎಲ್ಲಿದೆಯೋ ಸರಿಯಾಗಿ ಅದರ ಮೇಲೆ ಬರುವಂತೆ ಪಂಚೆ ಹಾಸಿದರು.

ಮೂರನೆಯ ದಿನ ನನ್ನ ವಾರಗಿತ್ತಿ ಸಂಡಿಗೆ ಒಣಹಾಕಲು ಬಂದಳು. ನಮ್ಮಿಬ್ಬರಲ್ಲಿ ಜಗಳವೇನೂ ಇಲ್ಲ; ಗಂಡಂದಿರ ಮೌನವನ್ನು ಕಾದುಕೊಂಡು ಬಂದಿದ್ದೆವು, ಅಷ್ಟೆ. ಅವಳು ಹಾಳೆ ಹಾಸಿ, ಸಂಡಿಗೆ ಇಟ್ಟು, ಕಾಗೆ ಓಡಿಸುವ ನೆಪದಲ್ಲಿ ನಿಂತಳು. ಅತ್ತೆ ತಲೆ ಎತ್ತದೆ ಸೂಜಿ ಮತ್ತು ದಾರವನ್ನು ಮುಂದೆ ಚಾಚಿ, "ಪೋಣಿಸವ್ವ, ನಂಗೆ ಕಣ್ ಕಾಣಂಗಿಲ್ಲ" ಎಂದರು. ಹಿಂದಿನ ದಿನವಷ್ಟೇ ನಾನು ಬಿಟ್ಟ ಒಂದು ಹೊಲಿಗೆಯನ್ನು ಮಾರು ದೂರದಿಂದ ಗುರುತಿಸಿದ್ದವರು ಅವರು!

ಮಾರನೆಯ ದಿನ ಅವಳು ಗಿಳಿಹಸಿರಿನ ಹತ್ತಿ ಸೀರೆಯೊಂದನ್ನು ತಂದಳು. ಅವಳ ಮೊದಲ ಬಾಣಂತನಕ್ಕೆ ಮಾವನವರು ಚಳ್ಳಕೆರೆಯಿಂದ ತಂದುಕೊಟ್ಟದ್ದು. ಆ ಸಲವೇ ಅಂಗಡಿಯಲ್ಲಿ ನನಗೂ ಒಂದು ಆರಿಸಿದ್ದರು, ಅದು ಇಟ್ಟಿಗೆಬಣ್ಣದ್ದು. ಅತ್ತೆ ಎರಡನ್ನೂ ಒಂದೇ ಅಳತೆಗೆ ಕತ್ತರಿಸಿ, ಹಸಿರಿನ ಪಕ್ಕಕ್ಕೆ ಇಟ್ಟಿಗೆ, ಇಟ್ಟಿಗೆಯ ಪಕ್ಕಕ್ಕೆ ಹಸಿರು ಎಂದು ಜೋಡಿಸುತ್ತ ಹೋದರು. ಪಂಚರು ಮೂರು ದಿನ ಕೂತು ಮಾಡಿದ ಪಾಲಿಗಿಂತ ಇದು ಬೇಗ ಮುಗಿಯಿತು.

ಆಮೇಲೆ ಮಾಳಿಗೆಯೇ ನಮ್ಮ ಮನೆಯಾಯಿತು. ಯುಗಾದಿಯ ಬೇವುಬೆಲ್ಲವನ್ನು ಎರಡೂ ಕಡೆಯ ಮಕ್ಕಳು ಅಲ್ಲೇ ತಿಂದರು. ಬೆಲ್ಲ ಆರಿಸಿಕೊಂಡು ಬೇವನ್ನು ಕಾಗೆಗೆ ಬಿಟ್ಟರು. ಸಂಜೆ ನುಂಕೆಮಲೆಯ ಬಂಡೆಗಳು ಕೆಂಪಾಗುವವರೆಗೆ ಹೊಲಿಗೆ, ಕತ್ತಲಾದ ಮೇಲೆ ಮಕ್ಕಳಿಗೆ ಬೆಟ್ಟದ ಕರಡಿಯ ಕಥೆ. ಕಾಲೇಜಿನಿಂದ ಬಂದೊಡನೆ ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕಿಟ್ಟು ನಾನೊಂದು ಬದಿ, ಅವಳೊಂದು ಬದಿ ಕೂರುತ್ತಿದ್ದೆವು. ಹೊಲಿಯುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಹಾಗಾಗಿ ಮಾತು ಸಲೀಸು. ಮಗ್ಗದಲ್ಲಿ ಈಗ ಹೊಟ್ಟೆ ತುಂಬುವುದು ಕಷ್ಟವೆಂದೂ, ಮೈದುನ ಬೆಂಗಳೂರಿಗೆ ಹೊರಡುವ ಯೋಚನೆಯಲ್ಲಿದ್ದಾನೆಂದೂ ನನಗೆ ತಿಳಿದದ್ದು ಹೀಗೆ. ಅತ್ತೆ ಅದನ್ನು ಕೇಳಿಸಿಕೊಂಡು ಏನೂ ಅನ್ನಲಿಲ್ಲ. ಅಂದು ಅವರ ಸಾಲು ಕಿರುಬೆರಳಿನ ಅಳತೆ ಮೀರಿ ಓಡಿತು. ನಾವು ಬಿಚ್ಚಲು ಹೋಗಲಿಲ್ಲ.

ನಡುವಿನ ಕೊನೆಯ ಸುತ್ತು ಉಳಿದಿರುವಾಗ ದಾರ ಮುಗಿಯಿತು. ಅಂದು ಅಂಗಡಿಗಳಿಗೆ ರಜೆ. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಸುಮ್ಮನೆ ಕೂತರು. ಕೆಳಗೆ ಲಾಳಿ ನಿಂತಿತು. ಸ್ವಲ್ಪ ಹೊತ್ತಿಗೆ ಮೈದುನನ ಮಗಳು ಏಣಿ ಹತ್ತಿ ಬಂದು, ಕುಂಕುಮಬಣ್ಣದ ರೇಷ್ಮೆ ನೂಲಿನ ಒಂದು ಲಡಿಯನ್ನು ಅಜ್ಜಿಯ ಮಡಿಲಿಗೆ ಹಾಕಿ, "ಅಪ್ಪ ಕೊಡು ಅಂದ್ರು" ಎಂದಳು. ರೇಷ್ಮೆ ಜಾರುತ್ತದೆಂದು ಜೀವಮಾನವೆಲ್ಲ ಹೇಳಿದ ಅತ್ತೆ ಅದನ್ನು ನಾಲ್ಕೆಳೆ ಮಾಡಿ ಹೊಸೆದು, ಯಾರ ಕೈಗೂ ಕೊಡದೆ ತಾವೇ ಪೋಣಿಸಿ, ಕೊನೆಯ ಸುತ್ತನ್ನು ಮುಗಿಸಿದರು.

ರಾತ್ರಿ ಊಟವಾದ ಮೇಲೆ ನಮ್ಮವರು ಗಾಳಿಗೆಂದು ಮೇಲೆ ಬಂದರು. ಕೌದಿಯ ಮೇಲೆ ಐದು ಮಕ್ಕಳು ಅಡ್ಡಾದಿಡ್ಡಿ ಮಲಗಿದ್ದವು. ಬಗ್ಗಿ, ನಡುವಿನ ಕೆಂಪು ಸುತ್ತಿನ ಮೇಲೆ ಬೆರಳಾಡಿಸಿ, "ಇದೆಲ್ಲೀದವ್ವ, ಈ ರೇಷ್ಮೆ?" ಎಂದು ಕೇಳಿದರು.

"ಮಳೆ ಬರಂಗೈತೆ," ಎಂದರು ಅತ್ತೆ, "ಅವಳ ಸಂಡಿಗೆ ಅಲ್ಲೇ ಐತೆ. ಒಂದು ಕಡೆ ನೀನು ಹಿಡಕ. ಇನ್ನೊಂದು ಕಡೆಗೆ ಅವನ್ನ ಕೂಗು."